ಯಾರ ಪಾಳಿಯೂ ಅಲ್ಲದ ತಿಂಗಳು

ಆ ತಿಂಗಳು ತಾಲೂಕಿನಲ್ಲಿ ಮಕ್ಕಳಿಲ್ಲದ ಮುದುಕ ಮುದುಕಿಯರಿಗೆಲ್ಲ ಒಮ್ಮೆಲೇ ಬಲ ಬಂದಿತ್ತು.

ನಿಗಾ ಕೊಠಡಿಯ ಗೋಡೆಯ ಪರದೆಯಲ್ಲಿ ಆರು ನೂರ ನಲವತ್ತು ಚುಕ್ಕೆಗಳಿದ್ದವು. ಒಂದೊಂದು ಚುಕ್ಕೆ ಒಬ್ಬೊಬ್ಬ ಹಿರಿಯರು. ಹಸಿರಿದ್ದರೆ ಆ ಜೀವ ನೆಟ್ಟಗಿದೆ ಎಂದರ್ಥ. ಕೆಂಪಾದರೆ ಕೂಡಲೇ ಯಾರಾದರೂ ಮನೆಗೆ ಹೋಗಿ ನೋಡಬೇಕು. ನೀಲಿ ಎಂದರೆ ನಿರೀಕ್ಷೆಗಿಂತ ಬಹಳ ಚೆನ್ನಾಗಿದ್ದಾರೆ ಎಂದು. ನೀಲಿ ಬರುವುದು ವರ್ಷಕ್ಕೆ ಒಂದೋ ಎರಡೋ. ಈಗ ನಲವತ್ತೊಂದು ನೀಲಿಗಳು ಎದ್ದು ಕೂತಿದ್ದವು. ಕೆಂಪು ಒಂದೂ ಇರಲಿಲ್ಲ.

ಸುಲೋಚನಾ ಆ ಹೆಸರುಗಳನ್ನು ಕಾಗದದ ಮೇಲೆ ಇಳಿಸಿಕೊಂಡಳು. ಆಮೇಲೆ ಪರದೆಗೆ ಹೋಲಿಸಿ ನೋಡಿದಳು. ಮತ್ತೊಮ್ಮೆ ಹೋಲಿಸಿದಳು. ಯಾವುದನ್ನಾದರೂ ಮೂರು ಸಲ ನೋಡದೆ ಬಿಡುವ ಜಾಯಮಾನ ಅವಳದಲ್ಲ. ಹಗಲು ಅಂಗನವಾಡಿ ಸಹಾಯಕಿಯಾಗಿ ದುಡಿದು, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಮೂವತ್ತೆಂಟನೆಯ ವಯಸ್ಸಿಗೆ ಈ ಕುರ್ಚಿಗೆ ಬಂದವಳು. ತಾನು ಕಲಿತದ್ದರಲ್ಲಿ ಎಲ್ಲೋ ಒಂದು ಪಾಠ ತಪ್ಪಿಹೋಗಿದೆ, ಅದು ಯಾವತ್ತೋ ಒಂದು ದಿನ ಎಲ್ಲರೆದುರು ಗೊತ್ತಾಗುತ್ತದೆ ಎಂಬ ಹೆದರಿಕೆ ಅವಳನ್ನು ಬಿಟ್ಟದ್ದೇ ಇಲ್ಲ.

“ಸರ್, ಇವ್ರೊಳಗ ಬಹಳ ಮಂದಿ ಮಕ್ಕಳಿಲ್ದವರದಾರ. ಒಮ್ಮಿಗೇ ಯಾಕ ಇಷ್ಟ ಗಟ್ಟಿ ಆದ್ರು?”

ಎಂಜಿನಿಯರ್ ಪ್ರಭಂಜನ ತುಮಕೂರಿನ ಕಡೆಯವನು. ಸುಲೋಚನಾಗಿಂತ ಹತ್ತು ವರ್ಷ ಚಿಕ್ಕವನು. ಕುರ್ಚಿಯಿಂದ ಏಳದೆ ನಕ್ಕ. “ಮಕ್ಕಳಿಲ್ಲ ಅಂದ್ರೆ ತಲೆನೋವಿಲ್ಲ ಮೇಡಂ. ನನಗೆ ಎರಡಿವೆ. ಬೇಕಾದ್ರೆ ನನ್ನ ಕೈಗೊಂದು ಕೋಲು ಕೊಟ್ಟು ನೋಡಿ, ಕೆಂಪೇ ಬರೋದು.”

ಕೋಲು ಎಂದರೆ ಸರ್ಕಾರ ನಾಲ್ಕು ವರ್ಷದ ಹಿಂದೆ ಎಪ್ಪತ್ತು ದಾಟಿದವರಿಗೆಲ್ಲ ಹಂಚಿದ ಊರುಗೋಲು. ಹಳ್ಳಿಗಳಲ್ಲಿ ಅದಕ್ಕೆ ಸರಕಾರಿ ಬಡಿಗಿ ಎನ್ನುತ್ತಿದ್ದರು. ಅದರ ಹಿಡಿಯಲ್ಲಿ ಎಲೆಯಷ್ಟು ತೆಳುವಾದ ಪಟ್ಟಿಯೊಂದಿತ್ತು. ಕೈ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಅದು ತೂಗುತ್ತಿತ್ತು. ತುದಿ ಹೆಜ್ಜೆ ಹೆಜ್ಜೆಯ ನಡುವಿನ ಹೊತ್ತನ್ನು ಎಣಿಸುತ್ತಿತ್ತು. ಅಂಗೈಯ ಬೆವರು, ದೇಹ ಉಂಡದ್ದನ್ನು ಸುಡುತ್ತಿದೆಯೋ ತನ್ನದೇ ಮಾಂಸಖಂಡವನ್ನು ಸುಡುತ್ತಿದೆಯೋ ಎಂಬುದನ್ನು ಹೇಳುತ್ತಿತ್ತು. ಮೂರನ್ನೂ ಕೂಡಿಸಿ ದಿನಕ್ಕೊಂದು ಅಂಕ, ಇಪ್ಪತ್ತಕ್ಕೆ ಇಷ್ಟು ಎಂದು. ಆರಕ್ಕಿಂತ ಕೆಳಗೆ ಹೋದವರು ಹಾಸಿಗೆ ಬಿಟ್ಟು ಏಳುವುದು ಅಪರೂಪ.

ಮೊದಲ ಬೇಸಿಗೆಯಲ್ಲಿ ಅರ್ಧ ತಾಲೂಕೇ ಕೆಂಪಾಗಿತ್ತು. ಹೋಗಿ ನೋಡಲು ಇದ್ದದ್ದು ಇಬ್ಬರೇ ನರ್ಸಮ್ಮಂದಿರು. ಆಗ ಮೇಲಿನವರು ಲೆಕ್ಕವನ್ನೇ ಬದಲಿಸಿದರು. ಬಿಸಿಲಿಗೆ ಎಲ್ಲರೂ ಸೊರಗುತ್ತಾರೆ, ಚಳಿಗೆ ಎಲ್ಲರೂ ಮುದುಡುತ್ತಾರೆ. ಆದ್ದರಿಂದ ಒಬ್ಬರ ಅಂಕವನ್ನು ಅದೇ ದಿನದ ತಾಲೂಕಿನ ಸರಾಸರಿಯ ಜೊತೆ ಹೋಲಿಸಿ ನೋಡಬೇಕು, ಅದಕ್ಕಿಂತ ಬಹಳ ಕೆಳಗಿದ್ದವರಷ್ಟೇ ಕೆಂಪು. ಸುಲೋಚನಾಗೆ ಅದು ಬಹಳ ಜಾಣತನದ ಲೆಕ್ಕ ಎನಿಸಿತ್ತು. ತನಗೆ ಎಂದೂ ಹೊಳೆಯುತ್ತಿರಲಿಲ್ಲ ಎಂದುಕೊಂಡಿದ್ದಳು.

ಅಂದು ಶನಿವಾರ. ವಾರದ ವರದಿಯ ಕೆಳಗೆ ‘ಎಲ್ಲ ಸರಿ ಇದೆ’ ಎಂಬ ಸಾಲಿನ ಪಕ್ಕ ಅವಳು ಸಹಿ ಹಾಕಿದಳು. ಮನೆಗೆ ಹೊರಡುವ ಮುಂಚೆ ಎಂದಿನಂತೆ ಮುನ್ನೂರ ಎಂಟನೆಯ ಚುಕ್ಕೆಯನ್ನು ನೋಡಿದಳು. ಅದು ಅವಳ ತಾಯಿ ಬನವ್ವನ ಚುಕ್ಕೆ. ಹಸಿರಾಗಿತ್ತು. ದಿನಾ ಬೆಳಿಗ್ಗೆ ಸಂಜೆ ಅದನ್ನು ನೋಡುವುದು ರೂಢಿಯಾದ ಮೇಲೆ ಅವಳು ತಾಯಿಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದಳು.

*

ಮರುದಿನ ಗಂಡ ಪರಶುರಾಮನ ಜೊತೆ ತವರಿಗೆ ಹೋದಳು. ಅಧಿಕ ಮಾಸ ನಡೆದಿತ್ತು. ಚಂದ್ರನ ತಿಂಗಳುಗಳು ಸೂರ್ಯನ ವರ್ಷಕ್ಕೆ ಹೊಂದಲೆಂದು ಮೂರು ವರ್ಷಕ್ಕೊಮ್ಮೆ ಸೇರುವ ಹೆಚ್ಚಿನ ತಿಂಗಳು ಅದು. ಆ ತಿಂಗಳು ಮನೆಯ ಅಳಿಯನನ್ನು ಕರೆದು, ಹೋಳಿಗೆ ಉಣಿಸಿ, ಅಕ್ಕಿ ಬೆಲ್ಲ ಕಲಸಿ ಕರಿದ ಮೂವತ್ಮೂರು ಅನಾರಸ ಎಣಿಸಿ ಬಾಗಿನ ಕೊಡುವುದು ಅವರ ಪದ್ಧತಿ.

ನೇಕಾರರ ಓಣಿಯ ಆ ಮನೆಗೆ ಈಗ ಎರಡು ಬಾಗಿಲು. ಎಡಗಡೆ ದೊಡ್ಡಣ್ಣ ಶಂಕ್ರಪ್ಪ, ಬಲಗಡೆ ಸಣ್ಣಣ್ಣ ಈರಣ್ಣ. ನಡುವೆ ಹಳೆಯ ಮಗ್ಗದ ಕೋಣೆ. ಮಗ್ಗ ಕಿತ್ತುಹೋಗಿ ಎಷ್ಟೋ ವರ್ಷವಾದರೂ ನೇಯುವವರು ಕಾಲು ಇಳಿಬಿಡುತ್ತಿದ್ದ ಕುಣಿ ಹಾಗೇ ಇತ್ತು. ಮೇಲೆ ಹಲಗೆ ಹಾಸಿದ್ದರು.

“ಬರ್ರಿ ಬರ್ರಿ ಅಳಿಯಾರ! ಮೂರು ವರ್ಷಕ್ಕೊಮ್ಮೆ ಬರೂ ದೇವರು ನೀವು,” ಎಂದು ಶಂಕ್ರಪ್ಪ ಪರಶುರಾಮನನ್ನು ಒಳಗೆ ಕರೆದ. “ಹೋದ ಸಲ ಹನ್ನೊಂದು ಹೋಳಿಗಿಗೆ ಕೈ ಎತ್ತಿದ್ರಿ. ಈ ಸಲ ಮರ್ಯಾದಿ ತಗೀಬ್ಯಾಡ್ರಿ.”

“ಹನ್ನೊಂದಲ್ಲ, ಹದಿಮೂರು. ನಿಮ್ಮ ಎಣಿಕಿ ಯಾವಾಗ್ಲೂ ಎರಡು ಕಡಿಮಿ,” ಎಂದ ಪರಶುರಾಮ. ಎಲ್ಲರೂ ನಕ್ಕರು.

ಬನವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಮಗಳು ಬಂದು ಪಕ್ಕದಲ್ಲಿ ಕೂತಾಗ ಅವಳ ಮೊಣಕಾಲ ಮೇಲೆ ಕೈ ಇಟ್ಟಳು. ಕೈ ಹಗುರವಾಗಿತ್ತು.

“ಬಾ ಅವ್ವಾ, ಒಳಗ ಎಲ್ಲಾರ ಜೋಡಿ ಉಣ್ಣು.”

“ನಂದು ಆಗೇತಿ. ನೀ ಹೋಗ್ ಸುಲೂ, ಅಳಿಯಾರು ಕಾಯಾಕತ್ತಾರ.”

“ಅತ್ತಿ ಒಪ್ಪತ್ತು ಹಿಡದಾರ,” ಎಂದಳು ಒಳಗಿನಿಂದ ಶಂಕ್ರಪ್ಪನ ಹೆಂಡತಿ ಚೌಡವ್ವ. “ಅಧಿಕ ಮಾಸ ಅಲ್ಲೇನ. ಒಂದ ಹೊತ್ತು ಉಂಡ್ರ ಪುಣ್ಯ ಅಂತಾರ. ನಾವೇನ್ ಬ್ಯಾಡ ಅನ್ನಾಕ ಬರತೈತೇನು?”

ಸುಲೋಚನಾ ಒಳಗೆ ಹೋಗಿ ಉಂಡಳು. ತುಪ್ಪ ಹಾಕಿದ ಹೋಳಿಗೆ, ಕಟ್ಟಿನ ಸಾರು, ಹಪ್ಪಳ. ಈರಣ್ಣನೂ ಅವನ ಮನೆಯಿಂದ ಒಂದು ಡಬ್ಬಿ ಅನಾರಸ ತಂದು ಇಟ್ಟ. ಹೊರಡುವಾಗ ತಾಯಿ ಬೀಳ್ಕೊಡಲೆಂದು ಕಟ್ಟೆಯಿಂದ ಎದ್ದಳು. ಏಳಲು ಅವಳು ಬಡಿಗೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಅದನ್ನು ಸುಲೋಚನಾ ನೋಡಿದಳು. ನೋಡಿ, ಬೈಕಿನ ಮೇಲೆ ಕೂತು, ತಾಲೂಕಿಗೆ ಬಂದಳು.

*

ಸೋಮವಾರ ಕೊಠಡಿಗೆ ಬಂದವಳೇ ಮುನ್ನೂರ ಎಂಟನೆಯ ಚುಕ್ಕೆ ನೋಡಿದಳು. ಹಸಿರು. ಆದರೂ ಆ ಎರಡು ಕೈಗಳು ಕಣ್ಣ ಮುಂದೆ ಬರುತ್ತಿದ್ದವು. ಒಂದು ಕೈಯಲ್ಲಿ ಹಿಡಿಯಲಾಗದವಳು ಹಸಿರಿರಲು ಹೇಗೆ ಸಾಧ್ಯ? ತಾನೇ ತಪ್ಪು ನೋಡಿರಬಹುದು, ಹೋಳಿಗೆ ಉಂಡ ಮಂಪರು ಇರಬಹುದು ಎಂದುಕೊಂಡಳು. ಆಮೇಲೆ ಬಣ್ಣ ಬಿಟ್ಟು ಬರಿಯ ಅಂಕವನ್ನು ತೆರೆದಳು.

ಅಧಿಕ ಮಾಸ ಹಿಡಿಯುವ ಮುಂಚಿನ ದಿನ ಹದಿನಾಲ್ಕು. ಇಂದು ಇಪ್ಪತ್ತಾರನೆಯ ದಿನ: ಒಂಬತ್ತು.

ಪಕ್ಕದ ಚುಕ್ಕೆ ತೆರೆದಳು. ಹದಿಮೂರರಿಂದ ಎಂಟೂವರೆ. ಅದರ ಪಕ್ಕದ್ದು, ಅದರ ಮುಂದಿನದು. ಮಧ್ಯಾಹ್ನದ ಹೊತ್ತಿಗೆ ಅವಳು ಆರು ನೂರ ನಲವತ್ತನ್ನೂ ತೆರೆದು ನೋಡಿದ್ದಳು. ನಾನ್ನೂರ ಹನ್ನೆರಡು ಮಂದಿ ಒಂದೇ ದಿನದಿಂದ ಕೆಳಗಿಳಿಯಲು ಶುರುಮಾಡಿ, ಒಬ್ಬರ ಕೈ ಒಬ್ಬರು ಹಿಡಿದು ಕೆರೆಗೆ ಇಳಿಯುವವರ ಹಾಗೆ ಒಟ್ಟಿಗೆ ಇಳಿಯುತ್ತಿದ್ದರು. ಎಲ್ಲರೂ ಇಳಿದದ್ದಕ್ಕೆ ಸರಾಸರಿಯೂ ಇಳಿದಿತ್ತು. ಸರಾಸರಿ ಇಳಿದದ್ದಕ್ಕೆ ಎಲ್ಲರೂ ಹಸಿರಾಗಿದ್ದರು. ಮಕ್ಕಳಿಲ್ಲದವರಿಗೆ ಬಲ ಬಂದಿರಲೇ ಇಲ್ಲ. ಅವರು ಇದ್ದಲ್ಲೇ ಇದ್ದರು.

ಅವಳು ಮನೆಮನೆಯ ಪಟ್ಟಿ ತೆಗೆದು ಹೋಲಿಸಿದಳು. ಮಕ್ಕಳಿಲ್ಲದೆ ತಾವೇ ಬೇಯಿಸಿಕೊಳ್ಳುವವರು ಇಳಿದಿಲ್ಲ. ಒಬ್ಬನೇ ಮಗನಿದ್ದವರು ಇಳಿದಿಲ್ಲ. ಇಬ್ಬರಿದ್ದವರು, ಮೂವರಿದ್ದವರು ಇಳಿದಿದ್ದಾರೆ.

ಆಗ ಅವಳಿಗೆ ತವರಿನ ಆಸ್ತಿ ಹಂಚಿದ ವಾಟಣಿ ಪತ್ರ ನೆನಪಾಯಿತು. ಅಪ್ಪ ತೀರಿಕೊಂಡ ವರ್ಷ ಹಿರಿಯರನ್ನು ಕೂಡಿಸಿ ಪಾಲು ಬರೆಸಿದ್ದರು. ತಾಯಿಯನ್ನು ನೋಡಿಕೊಳ್ಳುವುದು ಪಾಳಿಯ ಮೇಲೆ: ಚೈತ್ರ ಶಂಕ್ರಪ್ಪನದು, ವೈಶಾಖ ಈರಣ್ಣನದು, ಜ್ಯೇಷ್ಠ ಮತ್ತೆ ಶಂಕ್ರಪ್ಪನದು, ಹೀಗೆ ಫಾಲ್ಗುಣದವರೆಗೆ ಒಂದೊಂದು ತಿಂಗಳಿನ ಹೆಸರು ಹಿಡಿದು. ತಾಲೂಕಿನ ಕಚೇರಿಯ ಮುಂದೆ ಕೂರುವ ಒಬ್ಬನೇ ಪತ್ರಬರಹಗಾರ ಮೂವತ್ತು ವರ್ಷದಿಂದ ಎಲ್ಲ ಮನೆಗಳಿಗೂ ಅದೇ ಸಾಲುಗಳನ್ನು ಬರೆದುಕೊಟ್ಟಿದ್ದ. ಹನ್ನೆರಡು ತಿಂಗಳಿಗೆ ಹನ್ನೆರಡು ಹೆಸರು. ಹದಿಮೂರನೆಯ ತಿಂಗಳು ಯಾರ ಪಾಳಿಗೂ ಬರೆದಿರಲಿಲ್ಲ.

“ಸರ್,” ಎಂದಳು. ಕಾಗದಗಳನ್ನು ಮೇಜಿನ ಮೇಲೆ ಹರಡಿದಳು.

ಪ್ರಭಂಜನ ಅವಳ ಕಾಗದಗಳನ್ನು ನೋಡಿದ. ಈ ಸಲ ನಗಲಿಲ್ಲ. “ಆದ್ರೆ ಮೇಡಂ, ಈ ತಿಂಗಳು ವಯಸ್ಸಾದವರು ಉಪವಾಸ ಮಾಡ್ತಾರಲ್ವಾ? ನಮ್ಮಜ್ಜಿನೂ ಮಾಡ್ತಿದ್ರು. ನಾಳೆ ನಾವು ವ್ರತಕ್ಕೆ ಹಸಿವು ಅಂತ ಹೆಸರಿಟ್ಟು ಬರೆದರೆ ಮೇಲಿನವರು ಸುಮ್ನಿರ್ತಾರಾ?”

“ಮಕ್ಕಳಿಲ್ದವರೂ ಒಪ್ಪತ್ತು ಮಾಡ್ತಾರ ಸರ್. ಈಗಷ್ಟ ನಾನಾ ಹತ್ತು ಮಂದಿಗೆ ಫೋನ್ ಮಾಡಿ ಕೇಳೇನಿ. ಏಳು ಮಂದಿ ಹಿಡದಾರ. ಅವ್ರ್ಯಾರೂ ಇಳದಿಲ್ಲ. ಒಂದ ಹೊತ್ತು ಹೊಟ್ಟಿ ತುಂಬ ಉಣ್ಣೂದು ವ್ರತ. ಇವ್ರದು ವ್ರತ ಅಲ್ಲ.”

ಪ್ರಭಂಜನ ಹಳೆಯ ಕಡತ ತೆರೆದು ತೋರಿಸಿದ. ಮೂರು ವರ್ಷದ ಹಿಂದಿನ ಅಧಿಕ ಮಾಸದಲ್ಲೂ ಇದೇ ಇಳಿತ ಇತ್ತು. ಆಗ ತಂತ್ರಾಂಶ ಅದಕ್ಕೆ ‘ಋತುಮಾನ’ ಎಂದು ಹೆಸರಿಟ್ಟು ಕಲಿತುಕೊಂಡಿತ್ತು. ಬೇಸಿಗೆ, ಮಳೆಗಾಲ, ಚಳಿಗಾಲದ ಪಕ್ಕದಲ್ಲಿ ಹೆಸರಿಲ್ಲದ ನಾಲ್ಕನೆಯ ಕಾಲ. ಅದರ ಕೆಳಗಿನ ಸಹಿ ಸುಲೋಚನಾಳದೇ. ಆಗ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು.

“ಅಮಾವಾಸ್ಯೆ ದಿನ ಮತ್ತೆ ಕೇಳತ್ತೆ,” ಎಂದ ಪ್ರಭಂಜನ. “ಈ ಸಲವೂ ಋತುಮಾನ ಅಂತ ಉಳಿಸಿದ್ರೆ ಮುಂದೆ ಎಷ್ಟೇ ಇಳಿದರೂ ಅದಕ್ಕೆ ಸಹಜ. ಬೇಡ ಅನ್ನೋದಾದ್ರೆ ಒಬ್ಬೊಬ್ಬರದ್ದೂ ಸರಾಸರಿಯಿಂದ ಬೇರೆ ಬೇರೆ ತೆಗೆದು ಕಾರಣ ಬರೀಬೇಕು. ನಿರ್ಲಕ್ಷ್ಯ ಅಂತ ಬರೆದ್ರೆ ಹೊಣೆಗಾರರ ಹೆಸರು ಹಾಕ್ಲೇಬೇಕು. ಹೆಸರಿನ ಮೇಲೆ ನೋಟಿಸು ಹೋಗತ್ತೆ.”

“ಯಾರ ಹೆಸರು?”

“ಅದನ್ನ ನೀವೇ ಹೇಳಬೇಕು ಮೇಡಂ.”

*

ಅಂದೇ ಸಂಜೆಯ ಬಸ್ಸಿಗೆ ಅವಳು ಊರಿಗೆ ಹೋದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ತಾಯಿ ಮಗ್ಗದ ಕೋಣೆಯಲ್ಲಿ, ಕುಣಿಯ ಹಲಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಳು. ತಲೆಯ ಹತ್ತಿರ ಅವಳ ಗಂಟು. ಪ್ರತಿ ಅಮಾವಾಸ್ಯೆಗೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವ ಗಂಟು ಅದು: ಎರಡು ಸೀರೆ, ಒಂದು ಕೌದಿ, ಅವಳ ಗಂಗಾಳ. ಯಾರ ಪಾಳಿಯೋ ಅವರ ಅಡುಗೆಮನೆಯ ಗೂಡಿನಲ್ಲಿ ಆ ಕಂಚಿನ ತಟ್ಟೆ ಇರಬೇಕು.

ಸುಲೋಚನಾ ಗಂಟು ಬಿಚ್ಚಿದಳು. ಸಡಿಲ ಗಂಟಿನಲ್ಲಿ ಗಂಗಾಳ ಸೀರೆಗಳ ಮೇಲೇ ಇತ್ತು. ಅದರ ಮೇಲೆ ಹಳೆಯ ಕೋಣೆಯ ನೂಲಿನ ಧೂಳು ತೆಳ್ಳಗೆ ಕೂತಿತ್ತು. ಬೆರಳು ಎಳೆದರೆ ಗೆರೆ ಮೂಡಿತು.

“ಇದು ಯಾವಾಗಿಂದ ಇಲ್ಲೈತಿ ಅವ್ವಾ?”

ಬನವ್ವ ಎದ್ದು ಕೂರಲು ನೋಡಿದಳು. “ನೀ ಯಾಕ ಬಂದಿ? ನಿನ್ನೇನ ಬಂದು ಹೋಗಿದ್ದಿ. ಅಳಿಯಾರು ಏನಾರ ಅಂದ್ರೇನು?”

“ಯಾವಾಗಿಂದ?”

“ಗಂಗಾಳ ಯಾಕ ಬೇಕ ಬಿಡ. ಕೈಯಾಗ ಒಂದ ತುಣಕ ರೊಟ್ಟಿ ಹಿಡದ್ರ ಆತು.” ತಾಯಿ ದನಿ ತಗ್ಗಿಸಿದಳು. “ಶಂಕ್ರ್ಯಾ ಕೇಳಿದ್ರ ಅಲ್ಲಿ ಉಂಡೀನಿ ಅಂತೀನಿ. ಈರ್‍ಯಾ ಕೇಳಿದ್ರ ಇಲ್ಲಿ ಉಂಡೀನಿ ಅಂತೀನಿ. ಅವರ ಪಾಳಿ ಅಲ್ಲಲ್ಲ ತಂಗಿ. ಪಾಳಿ ಇಲ್ದ ಹೋಗಿ ಹ್ಯಾಂಗ ಕುಂದ್ರೂದು?”

ಮಾತು ಕೇಳಿ ಶಂಕ್ರಪ್ಪ ಬಾಗಿಲಿಗೆ ಬಂದ. ಅವನ ಹಿಂದೆ ಚೌಡವ್ವ. ಸುಲೋಚನಾ ಗಂಗಾಳವನ್ನು ಎತ್ತಿ ಹಿಡಿದಳು.

“ನಾ ಈರಣ್ಯಾನ ಕಡೆ ಉಣ್ಣಾಕತ್ತಾಳ ಅನ್ಕೊಂಡಿದ್ದೆ,” ಎಂದ ಶಂಕ್ರಪ್ಪ. ಅವನ ಮುಖ ನೋಡಿದರೆ ಸುಳ್ಳಿನಂತೆ ಕಾಣಲಿಲ್ಲ.

“ಕೇಳಿದ್ಯಾ ಅಣ್ಣಾ? ನಡಬರಕ ಒಂದ ಗ್ವಾಡಿ ಐತಿ.”

“ಹನ್ನೆರಡು ತಿಂಗಳೊಳಗ ಆರು ತಿಂಗಳು ನಾ ಹೊತ್ತೀನಿ,” ಎಂದಳು ಚೌಡವ್ವ. “ಹಾಸಿಗಿ ಒಗದೀನಿ, ಕಾಲ ತಿಕ್ಕೀನಿ. ನಮ್ಮ ಮನಿಗೆ ಬಂದಾಗ ಯಾವಾಗರ ಉಪವಾಸ ಕೆಡವೀನೇನು, ಅವ್ರನ್ನ ಕೇಳ. ಹದಿಮೂರನೇದೂ ನನ್ನ ತಲಿಮ್ಯಾಲೇ ಯಾಕ? ಅಕಿ ಹೊತ್ತಾಳೇನು ಆ ಕಡೆಯಾಕಿ? ಮೂರು ವರ್ಷಕ್ಕೊಮ್ಮೆ ಬಂದು ಹೋಳಿಗಿ ಉಂಡು ಹೋಗಾಕಿ ನೀನು, ನೀ ಹೊತ್ತೀಯೇನು?”

ನಿನ್ನೆ ಸುಲೋಚನಾ ಇದೇ ಗೋಡೆಯ ಆ ಕಡೆ ಕೂತು ನಾಲ್ಕು ಹೋಳಿಗೆ ಉಂಡಿದ್ದಳು.

ಶಂಕ್ರಪ್ಪ, ಚೌಡವ್ವ ಒಳಗೆ ಹೋದ ಮೇಲೆ ತಾಯಿ ಮಗಳ ಕೈ ಹಿಡಿದಳು. “ಆಫೀಸಿನ್ಯಾಗ ಏನರ ಬರೀತಿ ಅಂತ ಗೊತ್ತಾತು ನನಗ. ನಿನ್ನ ಮಾರಿ ನೋಡಿದ್ರ ತಿಳೀತೈತಿ. ಅವ್ರ ಹೆಸರು ಬರೀಬ್ಯಾಡ. ಬರದ್ರ ಮುಂದಿನ ತಿಂಗಳದಾಗೂ ನಾ ಬಾಯಿಗೆ ನೀರು ಹಾಕೂದಿಲ್ಲ. ಆಣಿ ಮಾಡಿ ಹೇಳ್ತೀನಿ.”

“ಹಂಗಾರ ನನ್ನ ಮನಿಗೆ ಬಾ.”

“ಮಗಳ ಮನ್ಯಾಗ ಕುಂತು ಉಣ್ಣಾಕ, ನನಗ ಗಂಡಮಕ್ಕಳಿಲ್ಲೇನು? ಮಂದಿ ಏನಂದಾರು?”

ಸುಲೋಚನಾ ಯೋಚಿಸಿದಳು. ಈ ಮಾತಿಗೆ ಎದುರು ಹೇಳಲು ಅವಳು ಓದಿದ್ದರಲ್ಲಿ ಏನೂ ಇರಲಿಲ್ಲ. ಕೊನೆಗೆ ನಿಧಾನವಾಗಿ, ತಾನು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಅನುಮಾನಿಸುತ್ತಲೇ ಹೇಳಿದಳು:

“ಇದು ಅಣ್ಣನ ತಿಂಗಳಲ್ಲ. ಈರಣ್ಣನ ತಿಂಗಳೂ ಅಲ್ಲ. ಅವ್ರ ತಿಂಗಳದಾಗ ನಾ ಕರದ್ರ ಅವ್ರಿಗೆ ಅವಮಾನ. ಯಾರ ಪಾಳಿನೂ ಅಲ್ಲದ ತಿಂಗಳು ನನಗ ಬಿಡು. ಇನ್ನ ನಾಕು ದಿನ ಉಳದಾವು.”

ಬನವ್ವ ಗಂಗಾಳದ ಧೂಳನ್ನು ಸೆರಗಿನಿಂದ ಒರೆಸಿ ಗಂಟಿನೊಳಗೆ ಇಟ್ಟಳು.

*

ಆ ನಾಲ್ಕು ದಿನ ಪರಶುರಾಮ ತಾನೇ ಬೆಳಿಗ್ಗೆ ಎದ್ದು ಹಾಲು ಕಾಯಿಸಿ ಅತ್ತೆಗೆ ಕೊಟ್ಟ. “ಹೋಳಿಗಿ ಋಣ ತೀರಸಾಕತ್ತೇನ್ರಿ,” ಎಂದು ನಗಿಸಲು ನೋಡಿದ. ಮೊದಲ ದಿನ ಅವಳಿಗೆ ಅರ್ಧ ರೊಟ್ಟಿ ಹೋಗಲಿಲ್ಲ; ಹೊಟ್ಟೆ ಮರೆತುಬಿಟ್ಟಿತ್ತು. ಬೇಳೆಕಟ್ಟು, ಗಂಜಿ, ಕಿವುಚಿದ ಬಾಳೆಹಣ್ಣು, ನಂತರ ಮೆತ್ತಗಿನ ರೊಟ್ಟಿ.

ಹಗಲು ಕೊಠಡಿಯಲ್ಲಿ ಸುಲೋಚನಾ ಒಂದೊಂದೇ ಚುಕ್ಕೆ ತೆರೆದು ಕಾರಣ ಬರೆಯುತ್ತಿದ್ದಳು. ಬರೆಯುವ ಮುಂಚೆ ಆಯಾ ಊರಿನ ಅಂಗನವಾಡಿಗೆ ಫೋನ್ ಮಾಡಿ, ಅಲ್ಲಿನ ಕಾರ್ಯಕರ್ತೆಯ ಕೈಯಲ್ಲಿ ಆ ಮನೆಗೆ ಗಂಜಿ ಕಳಿಸುತ್ತಿದ್ದಳು. ಹಳೆಯ ಗೆಳತಿಯರು, ಬೈದುಕೊಳ್ಳುತ್ತಲೇ ಹೋದರು. ಎರಡನೆಯ ದಿನ ನರ್ಸಮ್ಮಂದಿರು ಹೋಗುವಷ್ಟರಲ್ಲಿ ಇನ್ನೂರ ಹದಿನೇಳನೆಯ ಚುಕ್ಕೆ ಆರಿಹೋಗಿತ್ತು. ಒಬ್ಬ ಮುದುಕ, ಮೂವರು ಗಂಡುಮಕ್ಕಳು. ಮೂವರೂ ಶಂಕ್ರಪ್ಪ ಹೇಳಿದ ಮಾತನ್ನೇ ಹೇಳಿದರಂತೆ. ಸುಲೋಚನಾ ಅಂದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಇನ್ನೂರ ಹದಿನೆಂಟನ್ನು ತೆರೆದಳು.

ಹೊಣೆಗಾರರ ಹೆಸರಿನ ಅಂಕಣ ಖಾಲಿ ಬಿಟ್ಟರೆ ಯಂತ್ರ ಒಪ್ಪುತ್ತಿರಲಿಲ್ಲ. ಎಲ್ಲ ಗಂಡುಮಕ್ಕಳ ಹೆಸರನ್ನೂ ಬರೆಯಬೇಕೋ, ಪತ್ರ ಬರೆದವನ ಹೆಸರೋ, ಮೂರು ವರ್ಷದ ಹಿಂದೆ ನೋಡದೆ ಸಹಿ ಹಾಕಿದ ತನ್ನ ಹೆಸರೋ? ಕೊನೆಗೆ ಅವಳು ನಿಜ ಎನಿಸಿದ್ದನ್ನೇ ಬರೆದಳು: ‘ಯಾರ ಪಾಳಿಯೂ ಅಲ್ಲ.’ ನಾನ್ನೂರ ಹನ್ನೊಂದು ಸಲ, ಕೈಯಿಂದಲೇ. ಪ್ರಭಂಜನ ಒಂದೇ ಸಲಕ್ಕೆ ತುಂಬುವ ದಾರಿ ತೋರಿಸಲು ಬಂದ. “ಬ್ಯಾಡ ಸರ್. ಒಬ್ಬೊಬ್ಬರದೂ ಹೆಸರು ಓದಿ ಬರೀತೀನಿ,” ಎಂದಳು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಹೆಸರುಗಳನ್ನು ಓದಿ ಹೇಳಿದ.

ಮುನ್ನೂರ ಎಂಟನೆಯ ಚುಕ್ಕೆಯ ಮುಂದೆ ಮಾತ್ರ ಬೇರೆ ಬರೆದಳು: ‘ಸುಲೋಚನಾ, ಮಗಳು.’

“ಮೇಡಂ, ಇಡೀ ಪಟ್ಟಿಯಲ್ಲಿ ಮನುಷ್ಯರ ಹೆಸರು ಅಂತ ಇರೋದು ಇದೊಂದೇ,” ಎಂದ ಪ್ರಭಂಜನ. “ನೋಟಿಸು ನಿಮಗೊಬ್ಬರಿಗೇ ಬರತ್ತೆ.”

“ಬರಲಿ.”

ಅಮಾವಾಸ್ಯೆಯ ದಿನ ತಂತ್ರಾಂಶ ಕೇಳಿತು: ಈ ಇಳಿತವನ್ನು ಋತುಮಾನವೆಂದು ಉಳಿಸಲೇ? ಸುಲೋಚನಾ ‘ಬೇಡ’ ಒತ್ತಿದಳು. ಗೋಡೆಯ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿದಾಗ ನಾನ್ನೂರಕ್ಕೂ ಹೆಚ್ಚು ಚುಕ್ಕೆಗಳು ಕೆಂಪಾಗಿದ್ದವು. ಕೊಠಡಿಯ ಬಿಳಿ ಗೋಡೆಗೆಲ್ಲ ಆ ಬಣ್ಣ ಹಬ್ಬಿತ್ತು.

ಮರುದಿನ ಬೆಳಿಗ್ಗೆ ಶಂಕ್ರಪ್ಪ ತಾಯಿಯನ್ನು ಕರೆದೊಯ್ಯಲು ಬಂದ. ಅಧಿಕ ಕಳೆದು ನಿಜ ಜ್ಯೇಷ್ಠ ಹುಟ್ಟಿತ್ತು, ಅವನ ಪಾಳಿ. ಹೊಸಿಲು ದಾಟಿ ಒಳಗೆ ಬರಲಿಲ್ಲ. “ಈ ಸಲ ನಾನಾ ಕುಂತು ಉಣಸ್ತೀನಿ,” ಎಂದ, ನೆಲ ನೋಡುತ್ತ. ಬನವ್ವ ಗಂಟು ಕಟ್ಟಿದಳು. ಕಟ್ಟಿ, ಏನೋ ನೆನಪಾದವಳಂತೆ ಮತ್ತೆ ಬಿಚ್ಚಿ, ಗಂಗಾಳ ತೆಗೆದು ಸುಲೋಚನಾಳ ಅಡುಗೆಮನೆಯ ಗೂಡಿನಲ್ಲಿ ಇಟ್ಟಳು.

“ಇದು ಇಲ್ಲೇ ಇರಲಿ. ಮುಂದಿನ ಅಧಿಕಕ್ಕ ಬರ್ತೀನಿ. ಅದು ನಿನ್ನ ಪಾಳಿ ಅಂದೀಯಲ್ಲ, ಮಾತು ಮಾತು.” ಬೆರಳು ಮಡಿಸಿ ಎಣಿಸಿದಳು. “ಮೂವತ್ಮೂರು ತಿಂಗಳು. ಅಲ್ಲೀಮಟ ಗಟ್ಟಿ ಇರಬೇಕು ನೋಡು ನಾ.”

ಬಡಿಗೆ ಹಿಡಿದು ಮೆಟ್ಟಿಲು ಇಳಿದಳು. ಒಂದೇ ಕೈಯಲ್ಲಿ.

ಸುಲೋಚನಾ ಕೆಲಸಕ್ಕೆ ಹೋಗಿ ಮುನ್ನೂರ ಎಂಟನ್ನು ತೆರೆದಳು. ಹತ್ತು. ಹಸಿವಿಲ್ಲದ ದೇಹದಲ್ಲೂ ವಯಸ್ಸು ವರ್ಷಕ್ಕೆ ಒಂದೂವರೆ ಅಂಕ ತಿನ್ನುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಮೂವತ್ಮೂರು ತಿಂಗಳಿಗೆ ಎಷ್ಟು ಎಂದು ಕಾಗದದ ಅಂಚಿನಲ್ಲಿ ಗುಣಿಸಿ, ಹತ್ತರಲ್ಲಿ ಕಳೆದಳು. ಹಾಸಿಗೆ ಹಿಡಿಸುವ ಆ ಆರಕ್ಕೆ ಒಂದು ಕೂದಲೆಳೆಯಷ್ಟು ಕಡಿಮೆ ಬಂತು.

ಆ ಲೆಕ್ಕವನ್ನು ಅವಳು ಎರಡನೆಯ ಸಲ ಮಾಡಿ ನೋಡಲಿಲ್ಲ.